ಆಟದಲ್ಲಿ ಅಂಕ ಏರಿದರೂ ಇಳಿಯದ ಮರೆವು

ಸ್ತನ ಕ್ಯಾನ್ಸರಿಗೆ ಕಿಮೋ ಮುಗಿಸಿ ಕೆಲಸಕ್ಕೆ ಮರಳಿದವರಿಂದ ಮರೆವಿನ ದೂರು ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರ ಬದಲಿಸಿದೆ. ಐವತ್ತರ ಆಸುಪಾಸಿನ ಮಹಿಳೆ, ಬ್ಯಾಂಕ್ ಕೌಂಟರಿನ ಕೆಲಸ, ಕ್ಯಾನ್ಸರ್ ಮರುಕಳಿಸದಿರಲಿ ಎಂದು ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ನಡೆಯುತ್ತಿತ್ತು. ಒಲೆಯ ಮೇಲಿಟ್ಟ ಹಾಲು ಮರೆತು ಉಕ್ಕುತ್ತಿತ್ತು, ಗ್ರಾಹಕರ ಹೆಸರು ನೆನಪಾಗುತ್ತಿರಲಿಲ್ಲ, ಮಾತಿನ ನಡುವೆ ಪದ ಸಿಗುತ್ತಿರಲಿಲ್ಲ. ನೆನಪಿನ ಪರೀಕ್ಷೆಯಲ್ಲಿ ಅಂಕ ಚೆನ್ನಾಗೇ ಬಂದಿತ್ತು. ಆದರೆ ಕ್ಯಾನ್ಸರ್ ಚಿಕಿತ್ಸೆಯ ನಂತರದ ಈ ಮರೆವು, ಮಂಕು ಸೂಕ್ಷ್ಮವಾದದ್ದು. ಹತ್ತು ನಿಮಿಷದ ಪರೀಕ್ಷೆಗೆ ಸಿಗದೇ ಹೋಗಬಹುದು. "ನಿಮಗೇನೂ ಆಗಿಲ್ಲ" ಎಂದು ಕಳಿಸಿಬಿಡುವುದು ಸರಿಯಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ನಿದ್ದೆ, ಖಿನ್ನತೆ ಇವುಗಳ ತೊಂದರೆಯಿಂದಲೂ ಮರೆವು ಬರಬಹುದೆಂದು ಇವನ್ನೆಲ್ಲ ಮೊದಲು ವೈದ್ಯರ ಬಳಿ ನೋಡಿಸಿದೆವು.

ಮುಂದಿನ ಭೇಟಿಯಲ್ಲಿ ಆಕೆ ಹೇಳಿದರು: "ನೆನಪು ಹೆಚ್ಚಲಿ ಅಂತ ಆಡೋ ಮೊಬೈಲ್ ಆಟದಲ್ಲಿ ಅಂಕ ಏರ್ತಾನೇ ಇದೆ ಮೇಡಂ. ಹಾಲು ಉಕ್ಕೋದು ಮಾತ್ರ ನಿಂತಿಲ್ಲ. ನಮ್ಮ ಮನೆಯವ್ರು ದಿನಾ ರಾತ್ರಿ, ಬೆಳಿಗ್ಗೆ ಏನು ತಿಂಡಿ ಮಾಡಿದ್ದೆ ಹೇಳು ಅಂತ ಪರೀಕ್ಷೆ ಬೇರೆ ಮಾಡ್ತಾರೆ."

ಆಟ ಆಡಿದರೆ ಮುಖ್ಯವಾಗಿ ಆ ಆಟವೇ ಸುಧಾರಿಸುತ್ತದೆ. ಅಡುಗೆಮನೆಗೆ ಅದು ಅಷ್ಟಾಗಿ ದಾಟಿ ಬರುವುದಿಲ್ಲ. ಒಲೆ ಹಚ್ಚುವಾಗ ಫೋನ್ ಬಂದರೆ ಹಾಲಿಟ್ಟದ್ದು ಮನಸ್ಸಿನಲ್ಲಿ ದಾಖಲೇ ಆಗಿರುವುದಿಲ್ಲ. ದಾಖಲಾಗದ್ದನ್ನು ನೆನಪಿಸಿಕೊಳ್ಳುವುದು ಹೇಗೆ? ಆದ್ದರಿಂದ ತರಬೇತಿ ಒಲೆಯ ಮುಂದೆಯೇ ನಡೆಯಬೇಕು. "ಹಾಲಿಟ್ಟಿದ್ದೇನೆ, ಐದು ನಿಮಿಷ" ಎಂದು ಬಾಯಿಬಿಟ್ಟು ಹೇಳಿ, ಟೈಮರ್ ಒತ್ತಿ, ಆಮೇಲೆ ಕೈ ತೆಗೆಯುವುದು. ಯಾರಾದರೂ ಕರೆದರೆ ಮೊದಲು ಒಲೆ ಆರಿಸಿ, ನಂತರ ಓಗೊಡುವುದು.

ಗ್ರಾಹಕರ ಹೆಸರಿಗೆ ಬೇರೆ ಅಭ್ಯಾಸ. ಕೇಳಿದ ಕೂಡಲೇ ಒಮ್ಮೆ ಹೇಳಿ, ಮತ್ತೆ 1, 2, 4, 8 ನಿಮಿಷಕ್ಕೆ ಮನಸ್ಸಿನಲ್ಲೇ ಹೇಳಿಕೊಳ್ಳುವುದು. ತಪ್ಪಿದರೆ ತಡಕಾಡಬಾರದು, ಊಹಿಸಿದ ತಪ್ಪು ಹೆಸರೇ ತಲೆಯಲ್ಲಿ ಕೂರಬಹುದು. ಸರಿಯಾದದ್ದನ್ನು ನೋಡಿಕೊಂಡು, ಕೊನೆಯ ಬಾರಿ ಸರಿಯಾಗಿ ನೆನಪಾದ ನಿಮಿಷದ ಅಂತರದಿಂದ ಮತ್ತೆ ಶುರುಮಾಡಬೇಕು. ಉಳಿದದ್ದಕ್ಕೆಲ್ಲ ಒಂದೇ ನೋಟ್‌ಬುಕ್, ಸದಾ ಒಂದೇ ಜಾಗದಲ್ಲಿ. ಎರಡಾದರೆ ಯಾವುದರಲ್ಲಿ ಬರೆದೆ ಎಂಬುದೇ ಮರೆಯುತ್ತದೆ.

ಬರೆದಿಟ್ಟರೆ ತಲೆ ಸೋಮಾರಿಯಾಗುತ್ತದೆ ಎಂದು ಪತಿ ಆಕ್ಷೇಪಿಸಿದರು. ನಾನು ಒಪ್ಪಲಿಲ್ಲ. ಬಳಲಿದ ಗಮನಕ್ಕೆ ಹೊರೆ ಇಳಿಸಿದರೆ ಅದು ಕೆಲಸಕ್ಕೆ ಉಳಿಯುತ್ತದೆ. ರಾತ್ರಿಯ ಪ್ರಶ್ನೋತ್ತರ ನಿಲ್ಲಿಸಿ ಎಂದು ಅವರಿಗೆ ನೇರವಾಗಿಯೇ ಹೇಳಿದೆ: ಭಯ ಹೆಚ್ಚಿದಷ್ಟೂ ಗಮನ ಚದುರುತ್ತದೆ. ಅದರ ಬದಲು ಸಂಜೆ ಇಬ್ಬರೂ ಅರ್ಧ ಗಂಟೆ ಬಿರುಸಾಗಿ ನಡೆಯಲಿ ಎಂದೆ.

ಕೆಲ ವಾರಗಳಲ್ಲಿ ಹಾಲು ಉಕ್ಕುವುದು ಅಪರೂಪವಾಯಿತು. ಮಾತಿನ ನಡುವೆ ಪದ ಸಿಗದಿರುವುದು ಹಾಗೇ ಇದೆ. ಮಂಕಿಗೆ ಹೆದರಿ ಟ್ಯಾಮಾಕ್ಸಿಫೆನ್ ತಾವಾಗಿಯೇ ನಿಲ್ಲಿಸುವವರನ್ನು ಕಂಡಿದ್ದೇನೆ. ದಯವಿಟ್ಟು ವೈದ್ಯರನ್ನು ಕೇಳದೆ ಬಿಡಬೇಡಿ. ಏಕಾಏಕಿ ಗೊಂದಲ, ತೀವ್ರ ತಲೆನೋವು, ಕೈಕಾಲು ಬಲಹೀನತೆ ಕಂಡರೆ ಅದು ಈ ಮರೆವಲ್ಲ, ತಕ್ಷಣವೇ ಆಸ್ಪತ್ರೆಗೆ ಹೋಗಿ.