ಹ್ಯಾಲೋವೀನ್ ಊಟದ ಟೇಬಲ್ ನಡುವೆ ಏನಿಡಲಿ?

ಪ್ರಶ್ನೆ: ಅಮೆರಿಕಕ್ಕೆ ಬಂದು ಒಂದು ವರ್ಷ ಆಯ್ತು. ಅಕ್ಟೋಬರ್ 31ಕ್ಕೆ ಎರಡು ಮನೆಯವರನ್ನು ಊಟಕ್ಕೆ ಕರೆದಿದ್ದೇವೆ. ದೊಡ್ಡವರು ಆರು ಜನ, ಮಕ್ಕಳು ನಾಲ್ಕು. ಆರು ಕುರ್ಚಿಯ ಟೇಬಲ್ ಇದೆ. ಅದರ ನಡುವೆ ಹ್ಯಾಲೋವೀನ್ ಅಲಂಕಾರ ಹೇಗೆ ಮಾಡಲಿ? ಖರ್ಚು ಜಾಸ್ತಿ ಆಗಬಾರದು.

ಉತ್ತರ:

ಮೊದಲು ಏನು ಮಾಡಬಾರದು ಅಂತ ಹೇಳಿಬಿಡುತ್ತೇನೆ. ಕಣ್ಣು, ಬಾಯಿ ಕೊರೆದ ಕುಂಬಳಕಾಯಿಯನ್ನು ಊಟದ ಟೇಬಲ್ ಮೇಲೆ ಇಡಬೇಡಿ. ಅದರ ಜಾಗ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ.

ನ್ಯೂಜೆರ್ಸಿಗೆ ಬಂದ ಮೊದಲ ವರ್ಷ ನಾನು ಇದೇ ತಪ್ಪು ಮಾಡಿದ್ದೆ. ತೋಟದಿಂದ ತಂದ ದೊಡ್ಡ ಕಾಯಿಯನ್ನು ಹಬ್ಬಕ್ಕೆ ಎಂಟು ದಿನ ಮುಂಚೆಯೇ ಕೊರೆದು ಟೇಬಲ್ ನಡುವೆ ಕೂರಿಸಿದೆ. ಹೀಟರ್‌ನ ಬಿಸಿಗಾಳಿ ಸೀದಾ ಅದಕ್ಕೇ ಹೊಡೆಯುತ್ತಿತ್ತು. ಐದನೇ ದಿನಕ್ಕೆ ಅದರ ಬಾಯಿ ಹಲ್ಲಿಲ್ಲದ ಅಜ್ಜನ ಬಾಯಿಯ ಹಾಗೆ ಒಳಕ್ಕೆ ಮಡಚಿಕೊಂಡಿತ್ತು. ಮುಚ್ಚಳ ಎತ್ತಿದರೆ ಒಳಗೆಲ್ಲಾ ಬೂದು ಹತ್ತಿಯಂಥ ಬೂಷ್ಟು. ಎತ್ತಿ ಆಚೆ ಹಾಕೋಣ ಅಂದರೆ ತಳ ಟೇಬಲ್‌ಗೇ ಅಂಟಿಕೊಂಡು, ಮೇಲಿನ ಭಾಗ ಮಾತ್ರ ಕೈಗೆ ಬಂತು. ಟೇಬಲ್ ಮೇಲೆ ಬಿದ್ದ ಆ ಬಿಳಿ ಉಂಗುರ ಇವತ್ತಿಗೂ ಇದೆ. ಅದನ್ನು ಮುಚ್ಚುವ ಹಾಗೆ ಸಾರಿನ ಪಾತ್ರೆ ಇಡುವುದು ನಮಗೆ ಅಭ್ಯಾಸ ಆಗಿಹೋಗಿದೆ.

ಕೊರೆದ ಕುಂಬಳ ಹೆಚ್ಚೆಂದರೆ ಮೂರರಿಂದ ಐದು ದಿನ ಚೆನ್ನಾಗಿರುತ್ತದೆ, ತಂಪಿದ್ದರೆ ಒಂದು ವಾರ. ಕೊರೆಯದ ಕಾಯಿ ಎರಡು ಮೂರು ತಿಂಗಳಾದರೂ ಅಲ್ಲಾಡುವುದಿಲ್ಲ. ಇನ್ನೊಂದು ತೊಂದರೆ ವಾಸನೆ. ಒಳಗೆ ಮೇಣದಬತ್ತಿ ಹಚ್ಚಿದರೆ ಮುಚ್ಚಳ ಬೇಯತೊಡಗುತ್ತದೆ. ಒಗ್ಗರಣೆ ಹಾಕದ ಕುಂಬಳಕಾಯಿ ಪಲ್ಯ ತಳ ಹಿಡಿದ ಹಾಗೆ ಮನೆಯೆಲ್ಲಾ ವಾಸನೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಖ ಇರುವ ವಸ್ತುವಿಗೆ ಬೆನ್ನೂ ಇರುತ್ತದೆ, ಅಲ್ವಾ? ಮೇಜಿನ ನಡುವೆ ಇಟ್ಟರೆ ಅರ್ಧ ಜನ ಅದರ ಬೆನ್ನು ನೋಡಿಕೊಂಡು ಊಟ ಮಾಡಬೇಕು.

ಇದು ನನಗೆ ಹೊಳೆದಿದ್ದು ದಸರಾ ಬೊಂಬೆ ಕೂರಿಸುವಾಗ. ಬೊಂಬೆ ನೋಡುವವರು ಎದುರಿಗೆ ನಿಂತಿರುತ್ತಾರೆ, ಆದ್ದರಿಂದ ಮೆಟ್ಟಿಲು ಕಟ್ಟಿ, ಎತ್ತರದ್ದನ್ನು ಹಿಂದೆ, ಗಿಡ್ಡದ್ದನ್ನು ಮುಂದೆ ಇಡುತ್ತೇವೆ. ನಮ್ಮ ಕಣ್ಣು ಅದಕ್ಕೇ ಪಳಗಿದೆ. ಊಟದ ಟೇಬಲ್‌ಗೆ ಎದುರೂ ಇಲ್ಲ, ಹಿಂದೂ ಇಲ್ಲ, ನಾಲ್ಕು ಕಡೆಯಿಂದಲೂ ನೋಡುತ್ತಾರೆ. ಅದಕ್ಕೇ ಒಂದು ದೊಡ್ಡ ವಸ್ತುವಿನ ಬದಲು ಚಿಕ್ಕ ಚಿಕ್ಕವನ್ನು ಟೇಬಲ್ ಉದ್ದಕ್ಕೂ ಹೊಳೆಯ ಹಾಗೆ, ನಡುವೆ ಅಡುಗೆಗೆ ಜಾಗ ಬಿಟ್ಟು ಹರಡಬೇಕು.

ಅಳತೆ ಹೇಳುತ್ತೇನೆ. ಇಲ್ಲಿಯ ಆರು ಕುರ್ಚಿಯ ಟೇಬಲ್ ಸಾಮಾನ್ಯವಾಗಿ ಮೂರು ಅಡಿಗಿಂತ ತುಸು ಅಗಲ ಇರುತ್ತದೆ. ಎರಡೂ ಕಡೆ ತಟ್ಟೆ, ಲೋಟ ಹಾಕಿದ ಮೇಲೆ ನಡುವೆ ಉಳಿಯುವುದು ಸುಮಾರು ಒಂದು ಅಡಿ. ಅದರಲ್ಲೇ ಅನ್ನ, ಸಾರು, ಪಲ್ಯವೂ ಕೂರಬೇಕು. ನಾನು ಟೇಬಲ್ ಉದ್ದವನ್ನು ಮನಸ್ಸಿನಲ್ಲೇ ಮೂರು ಭಾಗ ಮಾಡಿ, ಎರಡು ತುದಿ ಅಲಂಕಾರಕ್ಕೆ, ನಡುವಿನ ಭಾಗ ಅಡುಗೆಗೆ ಅಂತ ಬಿಡುತ್ತೇನೆ. ಪತ್ರಿಕೆಗಳ ಚಿತ್ರದಲ್ಲಿ ಹೀಗಿರುವುದಿಲ್ಲ. ಆ ಚಿತ್ರಗಳಲ್ಲಿ ಬಿಸಿಬೇಳೆಬಾತೂ ಇರುವುದಿಲ್ಲ ಬಿಡಿ. ಎತ್ತರ ಒಂದೂವರೆ ಗೇಣು ದಾಟಬಾರದು. ನೀವೇ ಕುರ್ಚಿಯಲ್ಲಿ ಕೂತು ನೋಡಿ, ಎದುರು ಕೂತವರ ಗಲ್ಲ ಕಾಣಬೇಕು. ಕಾಣದಿದ್ದರೆ ಏನೋ ಒಂದನ್ನು ಎತ್ತಿ ಕಿಟಕಿ ಕಟ್ಟೆಗೆ ಸಾಗಿಸಿ.

ಇನ್ನು ಸಾಮಾನು. ಅಂಗಡಿಯಲ್ಲಿ ಮುಷ್ಟಿಯಷ್ಟೇ ಇರುವ ಪುಟ್ಟ ಕುಂಬಳ ಸಿಗುತ್ತದೆ. ಕಿತ್ತಳೆ ಬಣ್ಣದ್ದಕ್ಕೆ ಜ್ಯಾಕ್ ಬಿ ಲಿಟಲ್ ಅಂತಲೂ ಬಿಳಿಯದಕ್ಕೆ ಬೇಬಿ ಬೂ ಅಂತಲೂ ಹೆಸರು. ಒಂಬತ್ತು ಹತ್ತು ತನ್ನಿ, ಬಿಳಿಯದು ಜಾಸ್ತಿ ಇರಲಿ. ಸಂಜೆ ದೀಪದಲ್ಲಿ ಕಿತ್ತಳೆ ಬಣ್ಣ ಮಂಕಾಗುತ್ತದೆ, ಬಿಳಿ ತಲೆಬುರುಡೆಯ ಹಾಗೆ ಎದ್ದು ಕಾಣುತ್ತದೆ. ಕಾಯಿಯನ್ನು ತೊಟ್ಟು ಹಿಡಿದು ಎತ್ತಬೇಡಿ. ತೊಟ್ಟು ಮುರಿದರೆ ಅಲ್ಲಿಂದಲೇ ಕೊಳೆಯುವುದು ಶುರುವಾಗುತ್ತದೆ. ಪಕ್ಕದಲ್ಲೇ ಗಂಟು ಗಂಟಾದ, ಹಸಿರು ಹಳದಿ ಪಟ್ಟೆಯ ಗೋರ್ಡ್ ಅನ್ನುವ ಕಾಯಿ‌ಗಳನ್ನೂ ಮಾರುತ್ತಾರೆ. ನೋಡಲು ಚಂದ, ಆದರೆ ಅವನ್ನು ಅಡುಗೆಗೆ ಹಾಕಬೇಡಿ. ಕಹಿ ಸೋರೆಕಾಯಿಯಲ್ಲಿ ಇರುವ ಅದೇ ವಿಷದ ಕಹಿ ಅದರಲ್ಲೂ ಇರುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರಿಗೂ ಹೇಳಿಡಿ. ನಮ್ಮಮ್ಮ ಒಂದನ್ನು ಹೆಚ್ಚಲು ಮಣೆ ಹಾಕಿದ್ದರು.

ಕೆಳಗೆ ಹಾಸಲು ಕಪ್ಪು ಬಟ್ಟೆ ಇರಲಿ, ಅರಿಶಿನದ ಕಲೆ ಕಾಣುವುದಿಲ್ಲ. ಅದರ ಮೇಲೆ ಚೀಸ್‌ಕ್ಲಾತ್ ಅನ್ನುವ ಜಾಳು ಬಟ್ಟೆ. ಪನೀರ್ ಸೋಸಲು ತಂದಿರುತ್ತೀರಲ್ಲ, ಅದೇ. ಇದು ನನ್ನ ಮೆಚ್ಚಿನ ಕೆಲಸ. ಬೆಳಗಿನ ಕಾಫಿ ಆದ ಮೇಲೆ ಫಿಲ್ಟರಿಗೆ ಮತ್ತೆ ಬಿಸಿನೀರು ಹಾಕಿ ಎರಡನೇ ಡಿಕಾಕ್ಷನ್ ಇಳಿಸಿ. ಬಟ್ಟೆಯನ್ನು ಅದರಲ್ಲಿ ಒಂದು ಗಂಟೆ ನೆನೆಹಾಕಿ, ಹಿಂಡಿ, ಕೊಡವದೆ ಹಾಗೇ ಮುದುರಿ ಒಣಗಿಸಿ. ಅಂಚನ್ನು ಕೈಯಲ್ಲೇ ಹರಿಯಿರಿ, ಕತ್ತರಿ ಬೇಡ. ನಡುವೆ ಅಲ್ಲಲ್ಲಿ ಬೆರಳು ತೂರಿಸಿ ತೂತು ದೊಡ್ಡದು ಮಾಡಿ. ಕಾಫಿ ಒಂದೇ ಸಮ ಹತ್ತುವುದಿಲ್ಲ, ಮಡಿಕೆಗಳಲ್ಲಿ ಕಪ್ಪಗೆ ನಿಲ್ಲುತ್ತದೆ. ನೂರು ವರ್ಷ ಬೀಗ ಹಾಕಿದ್ದ ಮನೆಯ ಪರದೆ ಅಂದರೆ ಯಾರಾದರೂ ನಂಬುತ್ತಾರೆ. ಅಂಗಡಿಯ ಬಿಳಿ ಜೇಡರ ಬಲೆಗಿಂತ ಇದು ಎಷ್ಟೋ ವಾಸಿ. ಆ ಎಳೆ ಸಾರಿನ ಸೌಟಿಗೆ ಸುತ್ತಿಕೊಳ್ಳುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ.

ಎತ್ತರಕ್ಕೆ ಏನಾದರೂ ಬೇಕೇ ಬೇಕು ಅನ್ನಿಸಿದರೆ ಒಣ ಕಡ್ಡಿ. ಹಿತ್ತಲಲ್ಲಿ ಬಿದ್ದಿರುವ ರೆಂಬೆ ತಂದು, ಹೊರಗಡೆಯೇ ಕಪ್ಪು ಸ್ಪ್ರೇ ಬಣ್ಣ ಹೊಡೆದು, ಒಂದು ರಾತ್ರಿ ಗ್ಯಾರೇಜಿನಲ್ಲಿ ಬಿಟ್ಟು ವಾಸನೆ ಹೋದ ಮೇಲೆ ಖಾಲಿ ಬಾಟಲಿಗೆ ಸಿಕ್ಕಿಸಿ. ಕಡ್ಡಿಗಳ ಸಂದಿಯಲ್ಲಿ ಎದುರಿನವರ ಮುಖ ಕಾಣುವುದರಿಂದ ಎತ್ತರದ ನಿಯಮ ಇದಕ್ಕೆ ಅಷ್ಟಾಗಿ ಅನ್ವಯಿಸುವುದಿಲ್ಲ. ಡಾಲರ್ ಅಂಗಡಿಯ ಒಂದೇ ಒಂದು ಕಪ್ಪು ಕಾಗೆ ಸಾಕು. ಮೂರು ಕಾಗೆ ಇಟ್ಟರೆ ಶ್ರಾದ್ಧದ ಪಿಂಡಕ್ಕೆ ಕಾದ ಹಾಗೆ ಕಾಣುತ್ತದೆ ಅಂತ ನನ್ನ ಗಂಡ ನಕ್ಕಿದ್ದರು. ಆಮೇಲೆ ನನಗೂ ಹಾಗೇ ಕಾಣತೊಡಗಿತು. ಕಡ್ಡಿ ಹುಡುಕುವಾಗ ಮೂರು ಮೂರು ಎಲೆಯ ಕೆಂಪು ಬಳ್ಳಿಯನ್ನು ಮುಟ್ಟಬೇಡಿ. ಶರತ್ಕಾಲದಲ್ಲಿ ತುಂಬಾ ಚಂದ ಕಾಣುವ ಆ ಬಳ್ಳಿ ಪಾಯ್ಸನ್ ಐವಿ. ಎಲೆ ಉದುರಿದ ಕಡ್ಡಿ ಮುಟ್ಟಿದರೂ ಚರ್ಮ ಬೊಬ್ಬೆ ಏಳುತ್ತದೆ.

ಹೂವಿಗೆ ಹೆಚ್ಚು ಯೋಚನೆ ಬೇಡ. ಇಲ್ಲಿ ಅಕ್ಟೋಬರ್‌ನಲ್ಲಿ ಎಲ್ಲಾ ಅಂಗಡಿ ಮುಂದೆ ಕುಂಡಗಟ್ಟಲೆ ಇಟ್ಟು ಮಮ್ಸ್ ಅಂತ ಮಾರುವುದು ನಮ್ಮ ಸೇವಂತಿಗೆಯೇ. ಕಂದುಗೆಂಪು ಬಣ್ಣದ್ದು ಒಂದು ಕುಂಡ ತಂದು, ಹೂ ಕಿತ್ತು, ಅಗಲ ಪಾತ್ರೆಯ ನೀರಲ್ಲಿ ತೇಲಿಬಿಡಿ. ಮನೆಯಲ್ಲಿ ಬೆಕ್ಕು ಇದ್ದರೆ ಬೇಡ, ಅದಕ್ಕೆ ಸೇವಂತಿಗೆ ಆಗುವುದಿಲ್ಲ.

ದೀಪದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ನಾಲ್ಕು ಮಕ್ಕಳು, ಎಲ್ಲರೂ ವೇಷದಲ್ಲಿ, ಜೋತುಬೀಳುವ ಪಾಲಿಸ್ಟರ್ ತೋಳು. ನಿಜವಾದ ಮೇಣದಬತ್ತಿ ಟೇಬಲ್ ಮೇಲೆ ಬೇಡವೇ ಬೇಡ. ಬ್ಯಾಟರಿಯ ಎಲ್‌ಇಡಿ ದೀಪ ಇಡಿ, ಅದರಲ್ಲೂ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ತನ್ನಿ. ಆ ಗುಂಡಿಯಂಥ ಬ್ಯಾಟರಿಯನ್ನು ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗುತ್ತದೆ. ದೀಪಗಳನ್ನು ಕಣ್ಣಿಗೆ ಕಾಣುವ ಹಾಗೆ ಇಡಬೇಡಿ, ಕುಂಬಳಗಳ ನಡುವೆ, ಬಟ್ಟೆಯ ಮಡಿಕೆಯೊಳಗೆ ತೂರಿಸಿ. ದೀಪ ಕಾಣಬಾರದು, ಬೆಳಕು ಮಾತ್ರ ಕಾಣಬೇಕು.

2024ರಲ್ಲಿ ಅಕ್ಟೋಬರ್ 31ಕ್ಕೇ ದೀಪಾವಳಿಯೂ ಬಂದಿತ್ತು. ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ಬಾಗಿಲಲ್ಲಿ ಹಣತೆ ಹಚ್ಚುತ್ತಿರುವಾಗಲೇ ಅಸ್ಥಿಪಂಜರದ ವೇಷದ ಹುಡುಗ ಚೀಲ ಹಿಡಿದು ಚಾಕೊಲೇಟ್ ಕೇಳಲು ಬಂದ. ಅವನ ಕಣ್ಣು ಮಾತ್ರ ಹಣತೆ ಮೇಲೆ. ಆ ವರ್ಷ ಟೇಬಲ್ ಮೇಲೆ ಕಾಗೆ ಇಡಲಿಲ್ಲ. ಬಿಳಿ ಕುಂಬಳ, ಸೇವಂತಿಗೆ, ಬೆಳಕು ಅಷ್ಟೇ. ಎರಡೂ ಹಬ್ಬಕ್ಕೆ ಹೊಂದಿಕೊಂಡಿತು.

ಅಂದಹಾಗೆ, ಮುಖ ಕೊರೆಯುವ ಪದ್ಧತಿ ಅಮೆರಿಕಕ್ಕೆ ಬಂದಿದ್ದು ಐರ್ಲೆಂಡಿನ ಕಡೆಯಿಂದ. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆಯುತ್ತಿದ್ದರು. ವಲಸೆ ಬಂದವರಿಗೆ ಇಲ್ಲಿಯ ಕುಂಬಳ ದೊಡ್ಡದಾಗಿ, ಕೊರೆಯಲು ಸುಲಭವಾಗಿ ಸಿಕ್ಕಿತು. ಈ ಸಿಹಿಗುಂಬಳ ಅಮೆರಿಕ ಖಂಡದ್ದೇ, ನಮ್ಮೂರಿಗೆ ಬಂದಿದ್ದು ಆಮೇಲೆ. ಕರಾವಳಿಯವರು ಅದನ್ನು ಚೀನಿಕಾಯಿ ಅನ್ನುತ್ತಾರೆ, ಅದು ಬೇರೆ ತಮಾಷೆ. ಆದರೆ ಕಾಯಿಗೆ ಮುಖ ಬರೆದು ಬಾಗಿಲಿಗೆ ಇಡುವುದು ನಮಗೇನು ಹೊಸದಲ್ಲ. ಬೆಂಗಳೂರಿಗೆ ಹೋಗಿದ್ದಾಗ, ಕಟ್ಟುತ್ತಿರುವ ಮನೆಯ ಮುಂದೆ ಮೀಸೆ, ಕೋರೆಹಲ್ಲು ಬರೆದ ದೃಷ್ಟಿಯ ಬೂದುಗುಂಬಳ ನೇತಾಡುವುದನ್ನು ಕಂಡು ನನ್ನ ಮಗ, "ಇಲ್ಲೂ ಹ್ಯಾಲೋವೀನಾ?" ಅಂತ ಕೇಳಿದ. ಸುಮ್ನೆ ಹೂಂ ಅಂದೆ.

ಖರ್ಚು: ಕಳೆದ ಸಲ ನನಗೆ ಎಲ್ಲಾ ಸೇರಿ 25 ಡಾಲರ್ ಒಳಗೆ ಮುಗಿಯಿತು. ನವೆಂಬರ್ ಒಂದಕ್ಕೆ ಕಾಗೆ, ಕಡ್ಡಿ, ಬಟ್ಟೆ ಎತ್ತಿಟ್ಟು ಕುಂಬಳಗಳನ್ನು ಹಾಗೇ ಬಿಟ್ಟರೆ ತಿಂಗಳ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೂ ಅದೇ ಅಲಂಕಾರ ನಡೆಯುತ್ತದೆ. ಹುಳಿಗೆ ಬೇಕಿದ್ದರೆ ಶುಗರ್ ಪಂಪ್‌ಕಿನ್ ಬೇರೆ ತನ್ನಿ. ಕೊರೆಯುವ ಜಾತಿಯದ್ದು ಬರೀ ನೀರು, ನಾರು.

ಮಕ್ಕಳನ್ನು ದೊಡ್ಡವರ ಟೇಬಲ್‌ಗೆ ತುರುಕಬೇಡಿ. ಪಕ್ಕದಲ್ಲಿ ಒಂದು ಗಿಡ್ಡ ಟೇಬಲ್ ಹಾಕಿ, ಕಂದು ಕಾಗದ ಹಾಸಿ, ನಾಲ್ಕು ಕ್ರೇಯಾನ್ ಕೊಡಿ. ನಡುವೆ ಒಂದು ಬುಟ್ಟಿ ಚಿಕ್ಕ ಕಿತ್ತಳೆ ಹಣ್ಣು, ಒಂದೊಂದರ ಸಿಪ್ಪೆ ಮೇಲೂ ಕಪ್ಪು ಮಾರ್ಕರ್‌ನಲ್ಲಿ ಕಣ್ಣು, ಮೂಗು, ಮುರುಕು ಹಲ್ಲು. ಆ ಮುಖಗಳನ್ನು ಮಕ್ಕಳ ಕೈಯಲ್ಲೇ ಬರೆಸಿ. ಊಟ ಆಗುವಷ್ಟರಲ್ಲಿ ಯಾರ ದೆವ್ವ ಯಾರು ಸುಲಿದು ತಿಂದರು ಅಂತ ಜಗಳ ಶುರುವಾಗಿರುತ್ತದೆ.