ನಾಲಿಗೆಗೆ ಖಾರ ಹಚ್ಚಿದರೆ ಬೈಗುಳ ನಿಲ್ಲುತ್ತಾ?

ಮಕ್ಕಳ ತಜ್ಞರ ಉತ್ತರ

ಪ್ರಶ್ನೆ: ನಾವಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ. ನಾಲ್ಕು ವರ್ಷದ ಮಗ ಕೆಟ್ಟ ಮಾತು ಕಲಿತಿದ್ದಾನೆ. ಇಲ್ಲಿ ಕೆಲವರು ಮಕ್ಕಳ ನಾಲಿಗೆಗೆ ಒಂದು ತೊಟ್ಟು ಹಾಟ್ ಸಾಸ್ ಹಾಕುತ್ತಾರೆ. ಊರಲ್ಲಿ ನಮ್ಮಜ್ಜಿಯೂ ಮೆಣಸಿನಕಾಯಿ ಹಚ್ಚುತ್ತಿದ್ದರು, ನಾವೇನೂ ಕೆಟ್ಟುಹೋಗಲಿಲ್ಲ. ಒಂದು ತೊಟ್ಟಿಗೆ ಏನಾಗುತ್ತೆ ಡಾಕ್ಟ್ರೇ?

ಉತ್ತರ: ಸಾಸ್ ಇದ್ದ ಜಾಗದಲ್ಲಿ ಹಸಿಮೆಣಸಿನಕಾಯಿ, ಖಾರದ ಪುಡಿ ಅಂತ ಬರೆದುಕೊಂಡು ಈ ಪ್ರಶ್ನೆ ಬರುತ್ತಲೇ ಇರುತ್ತೆ. ಜೊತೆಗೆ ತಪ್ಪದೆ ‘ನಾವೇನೂ ಕೆಟ್ಟುಹೋಗಲಿಲ್ಲ’. ಅಜ್ಜಿ ಮೆಣಸಿನಕಾಯಿ ಹಚ್ಚಿದ್ದು ಇಷ್ಟು ವರ್ಷವಾದರೂ ನೆನಪಿದೆಯಲ್ಲ, ಯಾವ ಮಾತಿಗೆ ಹಚ್ಚಿದರು ಅನ್ನೋದು ನೆನಪಿದೆಯಾ?

ಖಾರ ರುಚಿಯಲ್ಲ, ನೋವು. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಹೋಗಿ ಕೂರುವುದು ನರಗಳಲ್ಲಿ ಸುಡುವ ಬಿಸಿಯನ್ನು ಗುರುತಿಸುವ ಗ್ರಾಹಕದ (ರಿಸೆಪ್ಟರ್) ಮೇಲೆ. ಅದನ್ನು ಪತ್ತೆಹಚ್ಚಿದ್ದಕ್ಕೇ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು. ಮಗುವಿನ ಮಿದುಳಿಗೆ ಹೋಗುವ ಸುದ್ದಿ ‘ಬಾಯಿ ಸುಟ್ಟಿತು’ ಅಂತಲೇ. ಕಾದ ಚಮಚ ಇಡಲು ಕೈ ಬಾರದ ನಿಮಗೆ ಸಾಸ್ ಬಾಟಲಿ ಹೇಗೆ ಕೈಗೆ ಬರುತ್ತೆ?

ಒಂದು ತೊಟ್ಟು ನಾಲಿಗೆಯ ಮೇಲೇ ನಿಲ್ಲಲ್ಲ. ನನ್ನ ಕ್ಲಿನಿಕ್ಕಿಗೆ ಬಂದಿದ್ದ ಐದು ವರ್ಷದ ಹುಡುಗಿಗೆ ತುಟಿ ಊದಿತ್ತು. ಬಾಯಿ ಒರೆಸಿಕೊಂಡ ಕೈಯಲ್ಲೇ ಕಣ್ಣುಜ್ಜಿ, ರೆಪ್ಪೆ ಬಿಡಿಸಲಾಗದೆ ಅಮ್ಮನ ಸೆರಗು ಹಿಡಿದು ನಿಂತಿದ್ದಳು. ಖಾರ ಹಚ್ಚಿದ್ದೂ ಅದೇ ಅಮ್ಮ. ಆಮೇಲೆ ಗಾಬರಿಯಾಗಿ ಚೊಂಬುಗಟ್ಟಲೆ ನೀರು ಕುಡಿಸಿದ್ದರು. ಕ್ಯಾಪ್ಸೈಸಿನ್ ನೀರಿಗೆ ಕರಗುವಂಥದ್ದಲ್ಲ. ಬಾಯಿಗೆ ತಣ್ಣನೆಯ ಹಾಲೋ ಮೊಸರೋ ಕೊಡಿ. ಕಣ್ಣಿಗೆ ಮಾತ್ರ ನೀರೇ, ಅದೂ ಧಾರೆಯಾಗಿ. ಅಳುವಾಗ ಖಾರ ಉಸಿರಿನ ಜೊತೆ ಒಳಗೆ ಹೋಗಬಹುದು. ದಮ್ಮು ಇರುವ ಮಗುವಾದರೆ ಅಷ್ಟೇ ಸಾಕು. ಸುಯ್ ಸುಯ್ ಅನ್ನತೊಡಗಿದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಿ.

ಅಮೆರಿಕದಲ್ಲಿ ನಟಿಯೊಬ್ಬರು 2000ದಲ್ಲಿ ಪುಸ್ತಕ ಬರೆದು ಈ ಉಪಾಯ ಹೇಳಿಕೊಟ್ಟಿದ್ದು ನಿಜ. ಅದೇ ದೇಶದ ಆಂಕರೇಜ್‌ನಲ್ಲಿ, ಮಗನಿಗೆ ಹಾಟ್ ಸಾಸ್ ಕುಡಿಸಿ ತಣ್ಣೀರಿನ ಷವರ್ ಕೆಳಗೆ ನಿಲ್ಲಿಸಿದ ತಾಯಿಯನ್ನು 2011ರಲ್ಲಿ ನ್ಯಾಯಾಲಯ ತಪ್ಪಿತಸ್ಥೆ ಎಂದಿತು. ಆ ದೃಶ್ಯ ಟಿವಿಯಲ್ಲಿ ಬಂದಿತ್ತು. ಊರಿಗೆ ಬಂದು ಹಚ್ಚುತ್ತೇನೆ ಅನ್ನಬೇಡಿ, ಇಲ್ಲೂ ಮಕ್ಕಳ ಮೇಲೆ ಕ್ರೌರ್ಯ ಎಸಗಿದವರಿಗೆ ಶಿಕ್ಷೆ ಹೇಳುವ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ.

ಮತ್ತೇನು ಮಾಡೋಣ ಅಂತೀರಿ. ನಾಲ್ಕು ವರ್ಷದವನಿಗೆ ಆ ಮಾತಿನ ಅರ್ಥ ಬೇಕಿಲ್ಲ, ನಿಮ್ಮ ಮುಖ ಕೆಂಪಾಗುವುದು ಬೇಕು. ನಗಬೇಡಿ, ಕಿರುಚಬೇಡಿ. ‘ಈ ಮಾತು ನಮ್ಮನೇಲಿ ಆಡಲ್ಲ’ ಅಂತ ಒಂದೇ ಸಲ ಹೇಳಿ ಕೆಲಸಕ್ಕೆ ತಿರುಗಿ. ಎರಡು ದಿನ ಜಾಸ್ತಿಯೇ ಆಡುತ್ತಾನೆ, ತಡೆದುಕೊಳ್ಳಿ. ಹಾಗೇ, ಕಾರು ಓಡಿಸುವಾಗ ಮನೆಯ ಯಜಮಾನರ ಬಾಯಿಂದ ಏನೇನು ಉದುರುತ್ತೆ ಅಂತಲೂ ಒಮ್ಮೆ ಕೇಳಿಸಿಕೊಳ್ಳಿ.

ಪ್ರಶ್ನೆ: ಹಟಕ್ಕೆ ಒಣಮೆಣಸಿನಕಾಯಿ ಹೊಗೆ ಹಾಕಬಹುದೇ?

ಉತ್ತರ: ಅದರ ಮುಂದೆ ಮೊದಲು ನೀವು ಕೂತು ನೋಡಿ.

ಪ್ರಶ್ನೆ: ನಮ್ಮ ಕಡೆ ಒಬ್ಬರು ರಚ್ಚೆ ಹಿಡಿಯುವ ಕೂಸಿಗೆ ಹೊಟ್ಟೆ ಮೇಲೆ ಬರೆ ಹಾಕುತ್ತಾರೆ, ಗುಣವಾಗುತ್ತಂತೆ.

ಉತ್ತರ: ಗುಣವಲ್ಲ, ಸುಟ್ಟ ಗಾಯ. ಅದು ಕೀವಾದ ಮೇಲೆ ನಮ್ಮ ಹತ್ತಿರ ತರುತ್ತೀರಿ, ಬರೆ ಹಾಕಿದವನ ಹೆಸರು ಕೇಳಿದರೆ ಬಾಯಿ ಬಿಡಲ್ಲ.

ಪ್ರಶ್ನೆ: ಎರಡು ವರ್ಷದ ಮಗಳು ಹೆಬ್ಬೆರಳು ಚೀಪುತ್ತಾಳೆ. ಬೇವಿನ ರಸ ಹಚ್ಚಲೇ, ಖಾರ ಹಚ್ಚಲೇ?

ಉತ್ತರ: ಎರಡೂ ಬೇಡ. ಚೀಪಲಿ ಬಿಡಿ.