ಸೂಪರ್‌ಹೀರೊ ಸಿನಿಮಾದ ತಪ್ಪು ಹಿಡಿಯುವವರಿಗೆ

ಪತ್ರದ ಸಾರ: 2002ರ 'ಸ್ಪೈಡರ್-ಮ್ಯಾನ್' ಚಿತ್ರದಲ್ಲಿ ಮೇರಿ ಜೇನ್‌ಳನ್ನು ಅಡ್ಡಗಟ್ಟಿದ ಪುಂಡರಲ್ಲಿ ಇಬ್ಬರನ್ನು ನಾಯಕ ಕಿಟಕಿಗೆ ಎಸೆಯುತ್ತಾನೆ. ಗಾಜು ಪುಡಿಪುಡಿ. ಸ್ವಲ್ಪ ಹೊತ್ತಿಗೆ ನೋಡಿದರೆ ಎರಡೂ ಕಿಟಕಿ ಮೊದಲಿನ ಹಾಗೇ ಇವೆ! ಕೋಟಿಗಟ್ಟಲೆ ಸುರಿಯುವವರಿಗೆ ಇಷ್ಟೂ ಕಾಣುವುದಿಲ್ಲವೇ? – ಓದುಗರು, ಶಿವಮೊಗ್ಗ

ಸಂಪಾದಕರ ಉತ್ತರ: ನಿಮ್ಮ ಕಣ್ಣು ಚುರುಕಾಗಿದೆ. ಆದರೆ ಇಂಥ ತಪ್ಪು ಯಾರಿಗೂ ಕಾಣದೆ ಉಳಿಯುವುದು ಕಡಿಮೆ. ಒಂದೇ ದೃಶ್ಯವನ್ನು ಹಲವು ಸಲ, ಹಲವು ಕೋನಗಳಿಂದ, ಕೆಲವೊಮ್ಮೆ ಬೇರೆ ಬೇರೆ ದಿನ ತೆಗೆಯುತ್ತಾರೆ. ಲೋಟ ಯಾವ ಕೈಯಲ್ಲಿತ್ತು, ಕೂದಲು ಎಷ್ಟು ನೆನೆದಿತ್ತು ಅಂತ ಬರೆದಿಡಲೆಂದೇ ಸ್ಕ್ರಿಪ್ಟ್ ಸೂಪರ್‌ವೈಸರ್ ಇರುತ್ತಾರೆ. ಆದರೂ ನಟನೆ ಚೆನ್ನಾಗಿರುವ ಟೇಕ್‌ನಲ್ಲಿ ಲೋಟ ಕೈ ಬದಲಾಯಿಸಿದ್ದರೆ ಸಂಕಲನಕಾರರು ಆ ಟೇಕನ್ನೇ ಇಟ್ಟುಕೊಳ್ಳುತ್ತಾರೆ. ಆಸ್ಕರ್ ಗೆದ್ದ ಸಂಕಲನಕಾರ ವಾಲ್ಟರ್ ಮರ್ಚ್ ಇದಕ್ಕೆ ಅಂಕಗಳನ್ನೇ ಕೊಟ್ಟಿದ್ದಾರೆ. ಭಾವನೆಗೆ ನೂರಕ್ಕೆ 51, ಕಥೆಗೆ 23. ಯಾರು, ಯಾವುದು ಎಲ್ಲಿತ್ತು ಎಂಬ ಜಾಗದ ಲೆಕ್ಕಕ್ಕೆ ಬರೀ 4!

2012ರ 'ದಿ ಡಾರ್ಕ್ ನೈಟ್ ರೈಸಸ್' ನೋಡಿ. ಶೇರುಪೇಟೆಗೆ ಖಳರು ನುಗ್ಗುವುದು ಹಗಲಲ್ಲಿ. ಅವರು ಬೈಕ್ ಹತ್ತಿ ಓಡುವಾಗ ನಿಮಿಷಗಳಲ್ಲೇ ಕಗ್ಗತ್ತಲು. ಬ್ಯಾಟ್‌ಮ್ಯಾನ್ ಮಟಮಟ ಮಧ್ಯಾಹ್ನ ಬಂದರೆ ಏನು ಚೆಂದ, ಅಲ್ವಾ? ನಾನಂತೂ ಕ್ಷಮಿಸಿದ್ದೇನೆ.

ಕ್ಷಮಿಸಲಾಗದ್ದು ಬೇರೆ. 2017ರ 'ಸ್ಪೈಡರ್-ಮ್ಯಾನ್: ಹೋಮ್‌ಕಮಿಂಗ್' ಶುರುವಾಗುವುದು ನ್ಯೂಯಾರ್ಕ್ ಕದನದ ಅವಶೇಷ ಗುಡಿಸುವಲ್ಲಿಂದ. ಆ ಕದನ ನಡೆದದ್ದು 2012ರ 'ದಿ ಅವೆಂಜರ್ಸ್' ಚಿತ್ರದಲ್ಲಿ, ಕಥೆಯಲ್ಲೂ ಅದೇ ವರ್ಷ. ಆಮೇಲೆ ಪರದೆ ಮೇಲೆ 'ಎಂಟು ವರ್ಷಗಳ ನಂತರ' ಅಂತ ಬರುತ್ತದೆ. ಅಂದರೆ 2020. ಆದರೆ ಈ ಕಥೆ ನಡೆಯುವುದು 2016ರ 'ಸಿವಿಲ್ ವಾರ್' ಚಿತ್ರದಲ್ಲಿ ಸೂಪರ್‌ಹೀರೊಗಳ ಜಗಳವಾದ ಕೆಲವೇ ತಿಂಗಳಿಗೆ! ಇಲ್ಲಿ ಒಳ್ಳೆಯ ಟೇಕ್ ಎಂಬ ನೆಪ ನಡೆಯುವುದಿಲ್ಲ. ಯಾರೋ ಬೆರಳೆಣಿಸಿ ನೋಡಿದ್ದರೆ ಸಾಕಿತ್ತು. ಒಂದು ಚಿತ್ರದ ಕಥೆ ಇನ್ನೊಂದಕ್ಕೆ ಸೇರುತ್ತದೆ ಅಂತ ಹೇಳಿಯೇ ಟಿಕೆಟ್ ಮಾರುವವರು ಆ ಲೆಕ್ಕವನ್ನಾದರೂ ಸರಿ ಇಡಬೇಕು. ಮುಂದೆ ಇದೇ ಸರಣಿಯ 'ಇನ್ಫಿನಿಟಿ ವಾರ್' ನಿರ್ದೇಶಿಸಿದವರಲ್ಲಿ ಒಬ್ಬರಾದ ಜೋ ರುಸ್ಸೊ ಅವರೇ ಆ ಎಂಟು ವರ್ಷ ತಪ್ಪು ಅಂದುಬಿಟ್ಟರು.

ಅಂದಹಾಗೆ, ನಿಮ್ಮಂಥ ಓದುಗರಿಗೆ ಮಾರ್ವೆಲ್ ಕಾಮಿಕ್ಸ್ 1960ರ ದಶಕದಲ್ಲೇ ಬಹುಮಾನ ಇಟ್ಟಿತ್ತು. ಹಲ್ಕ್ ಆಗುವ ಬ್ರೂಸ್ ಬ್ಯಾನರ್‌ನನ್ನು ಸಂಪಾದಕ ಸ್ಟ್ಯಾನ್ ಲೀ ಒಮ್ಮೆ 'ಬಾಬ್ ಬ್ಯಾನರ್' ಅಂತ ಬರೆದುಬಿಟ್ಟರು. ಓದುಗರು ಬಿಡುತ್ತಾರೆಯೇ? ಕೊನೆಗೆ ಅವನ ಪೂರ್ತಿ ಹೆಸರೇ 'ರಾಬರ್ಟ್ ಬ್ರೂಸ್ ಬ್ಯಾನರ್' ಎಂದು ಸಾರಿ ಪಾರಾದರು. ತಪ್ಪು ತೋರಿಸಿ, ಅದು ಯಾಕೆ ತಪ್ಪಲ್ಲ ಅಂತಲೂ ವಿವರಿಸಿದವರಿಗೆ 'ನೋ-ಪ್ರೈಜ್' ಸಿಗುತ್ತಿತ್ತು. ಅಂಚೆಯಲ್ಲಿ ಬರುತ್ತಿದ್ದದ್ದು ಖಾಲಿ ಲಕೋಟೆ!

ಆ ಎಂಟು ವರ್ಷಕ್ಕೆ ನೀವೂ ಒಂದು ಸಮರ್ಥನೆ ಹೊಸೆದು ಕಳಿಸಿ. ಲಕೋಟೆಯ ಸ್ಟ್ಯಾಂಪಿನ ಖರ್ಚು ನಮ್ಮದು.